ಗಿಣ್ಣದ ಮಾತ್ರೆಯೂ ದೊಡ್ಡವ್ವನ ಮರೆವೂ

ಸಿಟ್ಟಿನಲ್ಲೇ ಬರೀತಿದ್ದೀನಿ. ಕಾಗುಣಿತ ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಇವತ್ತು ದೊಡ್ಡವ್ವನ ಮನೆಗೆ ಹೋಗಿದ್ದೆ. ಟಿವಿ ಪಕ್ಕ ಫಳಫಳ ಹೊಳೆಯೋ ಒಂದು ಡಬ್ಬಿ. ಮೇಲೆ ಮೆದುಳಿನ ಚಿತ್ರ, ಮೆದುಳಿನಿಂದ ಮಿಂಚು ಬೇರೆ. ಬ್ರೈನ್ ಪೆಪ್ಟೈಡ್ ಅಂತೆ. ಹಸುವಿನ ಗಿಣ್ಣದ ಹಾಲಿನಿಂದ ತೆಗೆದದ್ದು, ಪೂರ್ತಿ ನೈಸರ್ಗಿಕ, ಮರೆವಿಗೆ ರಾಮಬಾಣ. ತಿಂಗಳಿಗೊಂದು ಡಬ್ಬಿ, ನಾಲ್ಕು ಸಾವಿರದ ಮೇಲೆ ಚಿಲ್ಲರೆ. ನಾನು ಇನ್ನೂ ಚಹಾ ಕುಡೀತಿದ್ದೆ, ಮಾರೋ ಹುಡುಗ ಮುಂದಿನ ತಿಂಗಳ ಡಬ್ಬಿ ಹಿಡ್ಕೊಂಡು ಬಂದೇಬಿಟ್ಟ. ಅದೇ ಓಣಿಯವನು. "ಅಕ್ಕಾರ, ಇದು ಔಷಧ ಅಲ್ರೀ. ನ್ಯಾಚುರಲ್ ಐತಿ. ಸೈಡ್ ಎಫೆಕ್ಟ್ ಏನೂ ಇಲ್ರೀ."

ಔಷಧ ಅಲ್ಲ ಅನ್ನಲೇಬೇಕು ಪಾಪ. ನಮ್ಮ ಡ್ರಗ್ಸ್ ರೂಲ್ಸ್‌ನಲ್ಲಿ ಶೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಅದರಲ್ಲಿರೋದನ್ನ ವಾಸಿ ಮಾಡ್ತೀವಿ, ಸಾಧಿಸಿ ಕೊಡ್ತೀವಿ ಅಂತ ಯಾವ ಔಷಧದ ಕಂಪನಿಯೂ ಹೇಳಿಕೊಳ್ಳೋ ಹಾಗಿಲ್ಲ. ಮೆದುಳಿನ ಸಾಮರ್ಥ್ಯ, ನೆನಪಿನ ಶಕ್ತಿ ಹೆಚ್ಚಿಸೋದೂ ಆ ಪಟ್ಟಿಯಲ್ಲಿದೆ. ಔಷಧ ಅಂದರೆ ಸಿಕ್ಕಿಬೀಳ್ತಾರೆ, ಅದಕ್ಕೇ ಆಹಾರ ಅಂತಾರೆ. ಡಬ್ಬಿ ತಿರುಗಿಸಿ ನೋಡಿದೆ. ಭೂತಗನ್ನಡಿ ಹಿಡಿದು ಓದೋ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಇದು ಔಷಧವಾಗಿ ಬಳಸಲು ಅಲ್ಲ ಅಂತ ಬರೆದಿದೆ. ಆಹಾರ ಸುರಕ್ಷತೆ ನೋಡಿಕೊಳ್ಳೋ ಎಫ್‌ಎಸ್‌ಎಸ್‌ಎಐ ನಿಯಮ, ಬರೆಯದೆ ವಿಧಿಯಿಲ್ಲ. ದೊಡ್ಡವ್ವನಿಗೆ ಇಂಗ್ಲಿಷ್ ಬರಲ್ಲ. ಹುಡುಗನ ಬಾಯಿಗೆ ಆ ಒಂದು ಸಾಲು ಬರಲ್ಲ.

"ದೊಡ್ಡವ್ವನ ರಕ್ತ ಟೆಸ್ಟ್ ಮಾಡಿಸೀರೇನು?" ಅಂತ ಅಣ್ಣನನ್ನು ಕೇಳಿದೆ. "ಈಗ್ಯಾಕ ಅದೆಲ್ಲ, ವಯಸ್ಸಾತು, ಮರೀತಾಳ" ಅಂದ.

ವಯಸ್ಸಾಗಿದ್ದಕ್ಕೆ ಮರೀತಾಳೆ ಅನ್ನೋದಾದರೆ ಈ ಡಬ್ಬಿ ಯಾಕೆ? ಡಬ್ಬಿಯಿಂದ ಸರಿಹೋಗುತ್ತೆ ಅನ್ನೋದಾದರೆ ಕಾರಣ ಏನು ಅಂತ ನೋಡಬೇಕಲ್ವಾ?

ನಾನು ದಿನಾ ಲ್ಯಾಬಿನಲ್ಲಿ ರಕ್ತದ ಜೊತೆ ಬದುಕೋಳು, ನಿಮಗೆ ಗೊತ್ತೇ ಇದೆ. ದೊಡ್ಡವ್ವ ಮೊಟ್ಟೆಯನ್ನೂ ಮುಟ್ಟೋಳಲ್ಲ. ಈಚೆಗೆ ಹಾಲು ಮೊಸರು ಕೂಡ ಒಲ್ಲೆ ಅಂತಾಳೆ. ಶುಗರಿಗೆ ವರ್ಷಗಟ್ಟಲೆಯಿಂದ ಮೆಟ್‌ಫಾರ್ಮಿನ್ ನುಂಗ್ತಿದ್ದಾಳೆ. ಬಿ12 ಅನ್ನೋ ವಿಟಮಿನ್ ಊಟದಲ್ಲಿ ಸಿಗೋದು ಮೊಟ್ಟೆ, ಹಾಲು, ಮೊಸರಿನಂಥವುಗಳಿಂದಲೇ. ಮೇಲಾಗಿ ಆ ಶುಗರ್ ಮಾತ್ರೆ ಬಹಳ ಕಾಲ ತಗೊಂಡರೆ ಬಿ12 ಹೀರಿಕೊಳ್ಳೋದು ಕಡಿಮೆಯಾಗಬಹುದು. ಬಿ12 ಕಡಿಮೆಯಾದರೆ ಮರೆವು ಬರುತ್ತೆ, ಕಾಲು ಜುಮುಗುಡುತ್ತೆ, ನಡಿಗೆ ತಪ್ಪುತ್ತೆ. ಕಾಲು ಜುಮು ಜುಮು ಅಂತದ ಅಂತ ದೊಡ್ಡವ್ವ ಎಷ್ಟು ದಿನದಿಂದ ಹೇಳ್ತಿದ್ದಾಳೆ! ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಥೈರಾಯ್ಡ್ ಕಡಿಮೆಯಾದರೂ ಮಂಕು ಕವಿಯುತ್ತೆ. ಇನ್ನು ಕಿವಿ. ಅವಳಿಗೆ ಅರ್ಧ ಮಾತು ಕೇಳಿಸೋದೇ ಇಲ್ಲ. ಕೇಳದ ಮಾತನ್ನ ನೆನಪಿಟ್ಟುಕೊಳ್ಳೋದು ಹೇಗೆ? ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆ. ಅದರ ಅಪಾಯ ತಗ್ಗಿಸೋಕೆ ನಾವು ಗಮನ ಕೊಡಬಹುದಾದ 14 ಅಂಶಗಳನ್ನ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಕಿವುಡು, ಬಿಪಿ, ಶುಗರ್, ಒಂಟಿತನ ಎಲ್ಲ ಅದರಲ್ಲಿವೆ. ಗಿಣ್ಣ ಇಲ್ಲ.

ಗಿಣ್ಣದ ಬಗ್ಗೆ ನನಗೇನೂ ದ್ವೇಷ ಇಲ್ಲ ಮತ್ತೆ. ಎಮ್ಮೆ ಈದಾಗ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಕಾಸಿ ಓಣಿಗೆಲ್ಲ ಪುಕ್ಕಟೆ ಹಂಚಿದವಳೇ ನಮ್ಮ ದೊಡ್ಡವ್ವ. ಈಗ ಅವಳಿಗೇ ಅದನ್ನ ಡಬ್ಬಿಯಲ್ಲಿ ಮಾರ್ತಿದ್ದಾರೆ. ಆ ಹಾಲು ಇರೋದು ಕರುವಿಗೆ. ಕರು ಹೊಟ್ಟೆಯಲ್ಲಿದ್ದಾಗ ತಾಯಿಯ ರೋಗನಿರೋಧಕ ಅಂಶ ಅದಕ್ಕೆ ದಾಟಲ್ಲ. ಹುಟ್ಟಿದ ಮೇಲೆ ಗಿಣ್ಣದಿಂದಲೇ ಸಿಗಬೇಕು. ಅದಕ್ಕೇ ಮೊದಲ ಒಂದು ದಿನ ಮಾತ್ರ ಕರುವಿನ ಕರುಳು ದೊಡ್ಡ ದೊಡ್ಡ ಪ್ರೋಟೀನುಗಳನ್ನ ಹಾಗೇ ಒಳಗೆ ಬಿಟ್ಟುಕೊಳ್ಳುತ್ತೆ. ಆಮೇಲೆ ಬಾಗಿಲು ಬಂದ್. ನಮ್ಮ ದೊಡ್ಡವ್ವ ಕರುವಲ್ಲ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಸಣ್ಣ ಸರಪಳಿ. ಹೊಟ್ಟೆಗೆ ಹೋದರೆ ಬಹುಪಾಲು ತುಂಡು ತುಂಡಾಗುತ್ತೆ. ಇನ್ಸುಲಿನ್ ಕೂಡ ಪೆಪ್ಟೈಡೇ, ಅದಕ್ಕೇ ಅದನ್ನ ಸೂಜಿಯಲ್ಲಿ ಚುಚ್ಚೋದು. ಉಳಿದ ಚೂರುಪಾರು ರಕ್ತಕ್ಕೆ ಸೇರಿದರೂ ಮೆದುಳಿನ ಮುಂದೆ ಇನ್ನೊಂದು ತಡೆ ಇದೆ. ಹುಡುಗ ಇದ್ಯಾವುದನ್ನೂ ಹೇಳಲಿಲ್ಲ. ಮಿಂಚಿನ ಚಿತ್ರ ತೋರಿಸಿದ.

ಅಣ್ಣ ಸುಮ್ನಿರಲಿಲ್ಲ. "ಏ ತಂಗಿ, ಫಾರಿನ್ ಸ್ಟಡಿ ಐತಿ ನೋಡು" ಅಂತ ಫೋನ್ ಚಾಚಿದ. ಇದೆ, ಇಲ್ಲ ಅನ್ನಲ್ಲ. ಪೋಲೆಂಡಿನವರು ಕುರಿಯ ಗಿಣ್ಣದಿಂದ ಇಂಥ ಪೆಪ್ಟೈಡುಗಳನ್ನ ಬೇರ್ಪಡಿಸಿ ಕೊಲೊಸ್ಟ್ರಿನಿನ್ ಅಂತ ಹೆಸರಿಟ್ಟರು. 1999ರಲ್ಲಿ ಅಲ್ಝೈಮರ್ ಅನ್ನೋ ಮರೆವಿನ ರೋಗದ 46 ಜನರ ಮೇಲೆ ನಡೆದ ಪ್ರಯೋಗದ ವರದಿ ಬಂತು. ಅದರಲ್ಲಿ ಕೊಲೊಸ್ಟ್ರಿನಿನ್ ಸಿಕ್ಕಿದ್ದು 15 ಜನಕ್ಕೆ. ಕೆಲವರು ಸುಧಾರಿಸಿದರು ಅಂತಲೂ ಬರೆದಿದ್ದಾರೆ. ಸರಿ. ಅಷ್ಟು ವರ್ಷ ಕಳೆದ ಮೇಲೂ ಅಲ್ಝೈಮರ್‌ಗೆ ಡಾಕ್ಟರು ಹೆಚ್ಚಾಗಿ ಬರೆದುಕೊಡೋದು ಡೊನೆಪೆಜಿಲ್, ಮೆಮಾಂಟಿನ್ ಥರದ ಮಾತ್ರೆಗಳನ್ನೇ. ಅವೂ ರೋಗವನ್ನ ವಾಸಿ ಮಾಡಲ್ಲ, ಆ ಮಾತು ಬೇರೆ. ಅದೂ ಅಲ್ಲದೆ, ಆ ಸ್ಟಡಿ ಕುರಿಯದು, ಡಬ್ಬಿ ಹಸುವಿನದು! ಮತ್ತೆ ದೊಡ್ಡವ್ವನಿಗೆ ಅಲ್ಝೈಮರ್ ಇದೆ ಅಂತ ಹೇಳಿದವರಾದರೂ ಯಾರು? ಆ ಹುಡುಗನಾ?

ಅಪ್ಪ ಕೊನೆಗಾಲದಲ್ಲಿ ನನ್ನ ಹೆಸರು ಮರೆತಿದ್ದರು. ಆಗ ಯಾರಾದರೂ ಬಂದು ಕೃಷ್ಣೆಯ ದಂಡೆಯ ಮಣ್ಣು ತಿನ್ನಿಸಮ್ಮಾ, ನೆನಪು ಬರ್ತದ ಅಂದಿದ್ದರೆ ತಿನ್ನಿಸ್ತಿದ್ದೆ. ಆ ಆಸೆ ಎಂಥದ್ದು ಅಂತ ನನಗೆ ಗೊತ್ತು. ಆ ಆಸೆಗೇ ಕೈ ಹಾಕಿ ದುಡ್ಡು ತೆಗೀತಾರಲ್ಲ, ಅದಕ್ಕೇ ಹೊಟ್ಟೆ ಉರಿಯೋದು.

ಏಮ್ಸ್ ಬೇಕು ಅಂತ ವರ್ಷಗಟ್ಟಲೆ ಧರಣಿ ಕೂತ ರಾಯಚೂರು ನಮ್ಮದು. ಬೇಕು, ಬರಲಿ. ಅಲ್ಲೀತನಕ ಒಂದು ಬಿ12, ಥೈರಾಯ್ಡಿಗೆ ಒಂದು ಟಿಎಸ್‌ಎಚ್ ಟೆಸ್ಟ್ ಮಾಡಿಸೋಕೆ ಏಮ್ಸೇ ಬರಬೇಕಾ? ಊರಲ್ಲೇ ರಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಓಣಿಗೊಂದು ಲ್ಯಾಬ್ ಇದೆ.

ಕಡೆಗೆ ಅಣ್ಣ ಒಪ್ಪಿದ. ಒಪ್ಪಿದ ಕೂಡಲೇ ಕೇಳಿದ್ದು, "ಟೆಸ್ಟಿಗೆ ಎಷ್ಟಾಗ್ತದ? ಭಾಳ ತುಟ್ಟಿ ಏನು?" ಡಬ್ಬಿ ತಗೊಳ್ಳುವಾಗ ಈ ಪ್ರಶ್ನೆ ಎಲ್ಲಿ ಹೋಗಿತ್ತೋ.

ನಾಳೆ ನಾನೇ ಹೋಗಿ ರಕ್ತ ತಗೊಂಡು ಬರ್ತೀನಿ. ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆಯವರೇ, ಈ ಮಿಂಚಿನ ಡಬ್ಬಿ ನಿಮ್ಮಲ್ಲಿಗೂ ಬಂದಿದ್ದರೆ ತಿಳಿಸಿ. "ನಮ್ಮ ಮಾವಗ ಇದರಿಂದ ಭಾಳ ಫರಕ್ ಆತು" ಅಂತ ಬರೆಯೋರು ಹೇಗೂ ಬರ್ತೀರಿ. ಬರುವಾಗ ಮಾವನ ಬಿ12 ರಿಪೋರ್ಟನ್ನೂ ತನ್ನಿ.