ಮರೆಗುಳಿ ಗುಂಡಿ

ಸಿಗ್ನಲ್ ಕೆಂಪಾದರೆ ಎಂಜಿನ್ ನಿದ್ದೆ, ಬ್ರೇಕ್ ಬಿಟ್ಟರೆ ಬೆಚ್ಚಿಬಿದ್ದು ಎಚ್ಚರ, ನಾಲ್ಕು ಮಾರು ಸಾಗಿದರೆ ಮತ್ತೆ ನಿದ್ದೆ. ಕಾರುಗಳ ಸ್ಟಾರ್ಟ್-ಸ್ಟಾಪ್ ಎಂಬ ಈ ವ್ಯವಸ್ಥೆ ಹುಟ್ಟಿದ್ದು ಇಂಧನ ಉಳಿಸಲಿಕ್ಕೆ.

ಉಳಿಸಲು ಮಾಡಿದ ಏರ್ಪಾಡು ನೋಡಿ. ಎಂಜಿನ್ನನ್ನು ಎಬ್ಬಿಸುವ ಮಾಮೂಲಿ ಸ್ಟಾರ್ಟರ್ ಮೋಟಾರು ಈ ಚಾಕರಿಗೆ ತಾಳುವುದಿಲ್ಲವೆಂದು ಗಟ್ಟಿ ಬ್ರಷ್, ಗಟ್ಟಿ ಬೇರಿಂಗ್ ಹಾಕಿ ಲಕ್ಷಗಟ್ಟಲೆ ಸಲ ತಿರುಗುವಂಥದ್ದನ್ನು ಕೂರಿಸಿದರು. ಮಾಮೂಲಿ ಬ್ಯಾಟರಿಯೂ ಸಾಲದೆಂದು ಆಗಾಗ ಖಾಲಿಯಾಗಿ ತುಂಬುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಎಂಬ ದುಬಾರಿ ಬ್ಯಾಟರಿ ತಂದರು. ಅದನ್ನು ಕಾಯಲು ಒಂದು ಸೆನ್ಸರ್. ಆಗಾಗ ನಿಂತು ಹೊರಡುವಾಗ ಎಣ್ಣೆಯ ಪದರ ತೆಳುವಾಗಿ ಎಂಜಿನ್ನಿನ ಬೇರಿಂಗ್ ಸವೆಯಬಾರದಲ್ಲ, ಹಾಗಾಗಿ ಅದಕ್ಕೊಂದು ಪಾಲಿಮರ್ ಲೇಪನ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಪಾಡು ಇನ್ನೂ ಸ್ವಾರಸ್ಯ. ಅದರ ಆಯಿಲ್ ಪಂಪನ್ನು ತಿರುಗಿಸುವುದೇ ಎಂಜಿನ್. ಎಂಜಿನ್ ಮಲಗಿತೋ, ಒತ್ತಡ ಇಳಿದು ಒಳಗಿನ ಕ್ಲಚ್‌ಗಳು ಹಿಡಿತ ಸಡಿಲಿಸುತ್ತವೆ. ಮಲಗಿದವನ ಪರವಾಗಿ ಎಚ್ಚರವಿರಲು ವಿದ್ಯುತ್ ಪಂಪೊಂದನ್ನು ನೇಮಿಸಬೇಕಾಯಿತು. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿ ತನ್ನ ಎಂಟು ಗೇರಿನ ಪೆಟ್ಟಿಗೆಯಲ್ಲಿ ಸುಮಾರು 100 ಮಿ.ಲೀ. ಎಣ್ಣೆಯನ್ನು ಸ್ಪ್ರಿಂಗಿನ ಬಲದಿಂದ ಕೂಡಿಟ್ಟು, ಎಂಜಿನ್ ಎದ್ದೊಡನೆ ಒಳಕ್ಕೆ ತಳ್ಳುವ ಉಪಾಯ ಮಾಡಿತು. ಜಾಣತನವೇ, ಒಪ್ಪುತ್ತೇನೆ. ‘ಸ್ಟಾರ್ಟರ್ ಸುಟ್ಟೇ ಹೋಗುತ್ತದೆ’ ಎಂದು ಹೆದರಿಸುವವರ ಮಾತಿಗೂ ಅಷ್ಟಾಗಿ ಹುರುಳಿಲ್ಲ. ಆದರೆ ಬ್ಯಾಟರಿ ಬದಲಿಸುವ ದಿನ ಬಿಲ್ ಓದಿದರೆ ಉಳಿಸಿದ ಪೆಟ್ರೋಲಿನ ಲೆಕ್ಕ ತಾನಾಗಿ ಚುಕ್ತಾ ಆಗುತ್ತದೆ.

ಬೇಡವೆಂದವರಿಗೆ ಈ ವ್ಯವಸ್ಥೆಯನ್ನು ಆರಿಸುವ ಗುಂಡಿ ಇದೆಯಲ್ಲ! ಇದೆ. ಒತ್ತಿದರೆ ವಿಧೇಯವಾಗಿ ಆರುತ್ತದೆ. ಬಹುತೇಕ ಕಾರುಗಳಲ್ಲಿ ಮರುದಿನ ಕೀಲಿ ತಿರುಗಿಸುವಷ್ಟರಲ್ಲಿ ನಿಮ್ಮ ಅಪ್ಪಣೆಯನ್ನು ಅದು ಮರೆತಿರುತ್ತದೆ. ಈ ಮರೆವಿಗೂ ಕಾರಣವುಂಟು: ಇಂಧನ ಪರೀಕ್ಷೆಯಲ್ಲಿ ಅಂಕ ಸಿಗುವುದು ಕಾರು ತಾನಾಗಿ ಯಾವ ಸ್ಥಿತಿಯಲ್ಲಿ ಏಳುತ್ತದೋ ಆ ಸ್ಥಿತಿಗೆ. ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆಯ 1180 ಸೆಕೆಂಡುಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ಕಾರು ನಿಂತಲ್ಲೇ ನಿಂತಿರುತ್ತಿತ್ತು. ಸುಮ್ಮನೆ ನಿಲ್ಲುವುದಕ್ಕೂ ಅಂಕವಿರುವಾಗ ಯಾವ ಕಂಪನಿ ಬಿಟ್ಟೀತು? ಅದರ ಬದಲಿಗೆ 2017ರಿಂದ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ ನಿಲ್ಲುವ ಪಾಲು ಸುಮಾರು ಶೇಕಡಾ 13ಕ್ಕೆ ಇಳಿಯಿತು. ಗುಂಡಿಗೆ ಮಾತ್ರ ಜ್ಞಾಪಕಶಕ್ತಿ ಮರಳಲಿಲ್ಲ.

ಈಗ ಮಾರುಕಟ್ಟೆಯಲ್ಲಿ ಪುಟ್ಟದೊಂದು ಉಪಕರಣ ಸಿಗುತ್ತದೆ. ಕಾರು ಎದ್ದೊಡನೆ ನಿಮ್ಮ ಪರವಾಗಿ ಆ ಗುಂಡಿಯನ್ನು ಒತ್ತುವುದಷ್ಟೇ ಅದರ ಕೆಲಸ. ಅದಕ್ಕೂ ವಿದ್ಯುತ್ ಬೇಕು. ಅದೇ ದುಬಾರಿ ಬ್ಯಾಟರಿಯಿಂದ.