ಸ್ಪಷ್ಟನೆ: ಹ್ಯಾಮ್ಲೆಟ್ ಕತ್ತಿ ಇಳಿಸಿದ್ದು ಹೆದರಿಕೆಯಿಂದಲ್ಲ

ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ, ತನ್ನ ತಂದೆಯನ್ನು ಕೊಂದು ರಾಜನಾದ ಚಿಕ್ಕಪ್ಪ ಕ್ಲಾಡಿಯಸ್‌ ಪ್ರಾರ್ಥಿಸುತ್ತಿದ್ದಾಗ ಅವನನ್ನು ಕೊಲ್ಲಲು ಹೋದ ರಾಜಕುಮಾರ ಹ್ಯಾಮ್ಲೆಟ್ ಕೈ ನಡುಗಿ ಹಿಂದೆ ಸರಿದ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ನಾಟಕದ 3ನೇ ಅಂಕದ 3ನೇ ದೃಶ್ಯದಲ್ಲಿ ಕಾರಣವನ್ನು ಹ್ಯಾಮ್ಲೆಟ್ ತಾನೇ ಹೇಳುತ್ತಾನೆ. ಪ್ರಾರ್ಥನೆಯ ನಡುವೆ ಸತ್ತರೆ ಕೊಲೆಗಾರ ನೇರವಾಗಿ ಸ್ವರ್ಗ ಸೇರುತ್ತಾನೆ. ತಂದೆಗಾದರೋ ಪಾಪ ತೊಳೆದುಕೊಳ್ಳಲೂ ಅವಕಾಶ ಸಿಕ್ಕಿರಲಿಲ್ಲ. ಹಾಗೆ ಕೊಂದರೆ ಅದು ಸೇಡಲ್ಲ, ಸಂಬಳ ಕೊಟ್ಟಂತೆ ಎನ್ನುತ್ತಾನೆ. ಇದು ಬರೀ ನೆಪ ಎನ್ನುವ ವಿಮರ್ಶಕರಿದ್ದಾರೆ, ಆ ಚರ್ಚೆ ನಡೆಯಲಿ. ಆದರೆ ಕೈ ನಡುಗಿದ್ದು ಪಠ್ಯದಲ್ಲೆಲ್ಲೂ ಇಲ್ಲ. ಮರುದೃಶ್ಯದಲ್ಲೇ ಅವನು ಪರದೆಯ ಹಿಂದಿದ್ದ ರಾಜನ ಮಂತ್ರಿ ಪೊಲೋನಿಯಸ್‌ನನ್ನು ಕ್ಷಣವೂ ಯೋಚಿಸದೆ ಇರಿಯುತ್ತಾನೆ!

ನನ್ನನ್ನು ಕಲಕುವುದು ಬೇರೆಯೇ: ಹ್ಯಾಮ್ಲೆಟ್ ಹೊರಟ ಮೇಲೆ, ತನ್ನ ಪ್ರಾರ್ಥನೆ ಸ್ವರ್ಗ ಮುಟ್ಟದೆಂದು ಕ್ಲಾಡಿಯಸ್‌ನೇ ಒಪ್ಪಿಕೊಳ್ಳುತ್ತಾನೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಹಂಚಬೇಡಿ.