ಬದುವಿನ ಕಾಂಗ್ರೆಸ್ ಗಿಡ ಹೂ ಬಿಡುವ ಮುಂಚೆ

ಮೃಗಶಿರಾ ಮಳೆ ಬಿದ್ದು ನಾಲ್ಕು ದಿನ ಆಯಿತು. ಆಂಧ್ರದ ಗಡಿಯೊಳಗಿನ ಮಡಕಶಿರಾ ಕಡೆಯ ನಮ್ಮೂರಲ್ಲಿ ಈಗ ಬರೀ ಬಿತ್ತನೆಯ ಮಾತು. ಬೀಜ ಸುಲಿದಾಯ್ತಾ, ಟ್ರಾಕ್ಟರ್ ಯಾವಾಗ ಸಿಗುತ್ತೆ ಅಂತ. ಬದುವಿನ ಕಡೆ ಯಾರೂ ನೋಡುತ್ತಿಲ್ಲ. ನನಗೆ ಅದೇ ಸಂಕಟ.

ಇವತ್ತು ಬೆಳಿಗ್ಗೆ ನಮ್ಮ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡದ ಸಸಿ, ಕ್ಯಾರೆಟ್ ಸೊಪ್ಪಿನ ಹಾಗೆ ಸೀಳು ಸೀಳು ಎಲೆ ಹರಡಿಕೊಂಡು ನೆಲಕ್ಕೆ ಅಂಟಿಕೊಂಡಿದೆ. ಅಂಗೈ ಅಗಲದ ಜಾಗದಲ್ಲಿ ಹದಿನೇಳು ಎಣಿಸಿದೆ. ನೆಲ ಹಸಿ ಇರುವುದರಿಂದ ಬುಡ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ಇನ್ನು ಸ್ವಲ್ಪ ದಿನ ಬಿಟ್ಟರೆ ಕುಡುಗೋಲು ಬೇಕು, ಕುಡುಗೋಲಲ್ಲಿ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮೊಳೆತು ಒಂದು, ಒಂದೂವರೆ ತಿಂಗಳಿಗೆಲ್ಲ ಹೂವು. ಒಂದು ಗಿಡದಿಂದ ಹತ್ತು ಸಾವಿರಕ್ಕೂ ಜಾಸ್ತಿ ಬೀಜ.

"ಬದುವಿನ ಮೇಲೆ ತಾನೆ ಇರೋದು, ಬೆಳೆ ಒಳಗೆ ಬಂದಿಲ್ವಲ್ಲ" ಅನ್ನುತ್ತಾರೆ. 2000ನೇ ಇಸವಿ ಅಷ್ಟು ಬೇಗ ಮರೆತುಹೋಯಿತಾ? ನಾನಾಗ ಏಳನೇ ಕ್ಲಾಸು. ಅಪ್ಪ ಟಿಎಂವಿ-2 ತಳಿಯ ಕಡಲೆಕಾಯಿ ಹಾಕಿದ್ದರು. ಗಿಡ ಚೆನ್ನಾಗಿಯೇ ಎದ್ದಿತ್ತು. ಒಂದು ದಿನ ನೋಡಿದರೆ ಎಳೆ ಎಲೆ ಸುಟ್ಟ ಹಾಗೆ ಆಗಿದೆ. ಆಮೇಲೆ ಸುಳಿ ಕಪ್ಪಾಯಿತು, ಕಾಂಡ ಕಪ್ಪಾಯಿತು, ಗಿಡಕ್ಕೆ ಗಿಡವೇ ಒಣಗಿತು. ಅಪ್ಪ ಮೂರು ಸಲ ಔಷಧಿ ಹೊಡೆದರು. ಕಾಯಿ ಕೈಗೆ ಬರಲಿಲ್ಲ. ಔಷಧಿ ಅಂಗಡಿಯ ಸಾಲ ಮಾತ್ರ ಎರಡು ವರ್ಷ ಎಳೆಯಿತು. ಆಗ ನಾವು ಅನಂತಪುರ ಜಿಲ್ಲೆ. ಶ್ರೀ ಸತ್ಯಸಾಯಿ ಜಿಲ್ಲೆ ಆಗಿದ್ದು 2022ರಲ್ಲಿ. ಆ ಒಂದೇ ಮುಂಗಾರಿನಲ್ಲಿ ಜಿಲ್ಲೆಯ ಸುಮಾರು 2.25 ಲಕ್ಷ ಹೆಕ್ಟೇರ್ ಕಡಲೆಕಾಯಿಗೆ ಈ ರೋಗ ತಗುಲಿತು. ನಷ್ಟ 300 ಕೋಟಿ ರೂಪಾಯಿ ಮೀರಿತು.

ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಅನ್ನುವ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾರಣ ಹುಡುಕಿದರು. ಟೊಬ್ಯಾಕೊ ಸ್ಟ್ರೀಕ್ ಅನ್ನುವ ವೈರಸ್ ಅದು. ಪಾರ್ಥೇನಿಯಂ ಒಳಗೆ ಸುಮ್ನೆ ಇರುತ್ತದೆ, ಆ ಗಿಡಕ್ಕೆ ಏನೂ ಆಗುವುದಿಲ್ಲ. ಹೂವಿನ ಪರಾಗದಲ್ಲಿ ಸೇರಿಕೊಂಡು ಗಾಳಿಯಲ್ಲಿ, ಥ್ರಿಪ್ಸ್ ಅನ್ನುವ ಸಣ್ಣ ಹುಳುವಿನ ಮೈಮೇಲೆ, ಕಡಲೆಕಾಯಿ ಎಲೆಗೆ ಬರುತ್ತದೆ. ಥ್ರಿಪ್ಸ್ ಎಲೆ ಕೆರೆದು ರಸ ಹೀರುತ್ತದಲ್ಲ, ಆ ಗಾಯದಿಂದ ಒಳಗೆ ಹೋಗುತ್ತದೆ. ಹತ್ತಿದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ. ಅಪ್ಪ ಹೊಡೆದ ಮೂರೂ ಡಬ್ಬಿ ದಂಡ. ಅಪ್ಪ ಕೀಳಬೇಕಾಗಿದ್ದು ಬದುವಿನ ಗಿಡವನ್ನು, ಅದೂ ಹೂವಿಗೆ ಮುಂಚೆ. ಅವರಿಗೆ ಅದನ್ನು ಹೇಳುವವರೇ ಇರಲಿಲ್ಲ.

ಈಗ ಕರಪತ್ರ ಬರುತ್ತದೆ, ಆದರೆ ತೆಲುಗಿನಲ್ಲಿ. ನಮ್ಮಮ್ಮ ಓದಿದ್ದು ಕನ್ನಡ ಸ್ಕೂಲಲ್ಲಿ. ಕಳೆ ಕೀಳುವವರು ಅವರೇ ಅಲ್ವಾ, ಅವರಿಗೆ ಓದಲು ಬರುವ ಭಾಷೆಯಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಕೊಡಿ.

ಒಬ್ಬರೇ ಕಿತ್ತರೆ ಸಾಲದು. ಪಕ್ಕದ ಬೀಳಿನಲ್ಲಿ ಹೂ ಬಿಟ್ಟಿದ್ದರೆ ಪರಾಗದ ಪುಡಿ ಹಾರಿ ಬಂದೇ ಬರುತ್ತದೆ. ಪಾವಗಡದ ಕಡೆಯಿಂದ ಬೀಸುವ ಗಾಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ತಾತ ಕಂಬಳಿ ಹುಳುವಿನ ಕಾಲದ್ದು ಹೇಳುತ್ತಿದ್ದರು. ಮೊದಲ ಹದ ಮಳೆಗೆ ಮಣ್ಣೊಳಗಿನ ಕೋಶದಿಂದ ಪತಂಗ ಏಳುತ್ತದೆ. ಪತಂಗ ಬೆಳಕಿಗೆ ಬಂದು ಬಿದ್ದು ಸಾಯಲಿ ಅಂತ ಆ ಸಂಜೆ ಇಡೀ ಊರು ಹೊಲದಲ್ಲಿ ಬೆಂಕಿ ಹಾಕುತ್ತಿತ್ತಂತೆ. ಒಬ್ಬರೇ ಹಾಕಿದರೆ ಊರಿನ ಪತಂಗವೆಲ್ಲ ಅವರ ಹೊಲಕ್ಕೇ ಬರುತ್ತದೆ, ಅದಕ್ಕೇ ಎಲ್ಲರೂ ಒಂದೇ ದಿನ. ಬೆಳೆ ಸುತ್ತ ಸಜ್ಜೆ ಸಾಲು ಹಾಕುತ್ತಿದ್ದವರೂ ಅವರೇ. ಈಗ ಟ್ರಾಕ್ಟರ್ ತಿರುಗಲು ಅಡ್ಡ ಅಂತ ಬಿಟ್ಟಿದ್ದೇವೆ. ಹೊರಗಿನಿಂದ ಬರುವ ಥ್ರಿಪ್ಸ್ ತಡೆಯಲು ಹೊಲದ ಸುತ್ತ ಜೋಳ, ಸಜ್ಜೆ ಹಾಕಿ ಅಂತ ಇವತ್ತಿನ ವಿಜ್ಞಾನಿಗಳೂ ಹೇಳುತ್ತಾರೆ.

ಗೋಮಾಳದ ಕಥೆ ಬೇರೆ ಹೇಳಬೇಕಾ? ಹುಲ್ಲು ಇದ್ದ ಜಾಗ ಪೂರ್ತಿ ಇದೇ ಗಿಡ. ಹಸಿದ ಹಸು ಬೇರೆ ದಾರಿ ಇಲ್ಲದೆ ಬಾಯಿ ಹಾಕಿದರೆ ಹಾಲು ಕಹಿ. ಅಲ್ಲಿ ಕೀಳುವಾಗ ಎಲೆ ಮೇಲೆ ಬೆಣ್ಣೆ ಬಣ್ಣದ, ಕಂದು ಗೆರೆಯ ಸಣ್ಣ ಜೀರುಂಡೆ ಕಂಡರೆ ದಯವಿಟ್ಟು ಸಾಯಿಸಬೇಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳು ಅದು. ತಿನ್ನುವುದು ಪಾರ್ಥೇನಿಯಂ ಸೊಪ್ಪನ್ನೇ. ಮಳೆಗಾಲದಲ್ಲೇ ಅದು ಚುರುಕು.

ಬರಿಗೈಯಲ್ಲಿ ಯಾರೂ ಕೀಳಬೇಡಿ. ದೊಡ್ಡಮ್ಮನಿಗೆ ಮೊಣಕೈವರೆಗೆ ತುರಿಕೆ ಎದ್ದು ವರ್ಷಗಟ್ಟಲೆ ಮುಲಾಮು ಹಚ್ಚಿದ್ದು ನೋಡಿದ್ದೇನೆ. ಹೂ ಬಿಡದ ಗಿಡವನ್ನು ತಿಪ್ಪೆಗೆ ಹಾಕಬಹುದು, ಗೊಬ್ಬರ ಆಗುತ್ತದೆ.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಕೆರೆ ಏರಿಯಿಂದ ಶುರು ಮಾಡುತ್ತೇವೆ, ರೋಡಿನವರೆಗೆ. ಇಪ್ಪತ್ತು ಜೊತೆ ಗ್ಲೌಸ್ ತಂದಿಟ್ಟಿದ್ದೇನೆ. ಪಾವಗಡ ಕಡೆಯ ಸ್ನೇಹಿತರೇ, ನೀವೂ ಅವತ್ತೇ ನಿಮ್ಮ ಬದು ಹಿಡಿಯಿರಿ.